ಕೋಣೆಗೆ ತಕ್ಕ ತತಾಮಿ, ತತಾಮಿಗೆ ತಕ್ಕ ಕೋಣೆ

ಟೋಕಿಯೊದಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಕೋಣೆಯ ಅಳತೆ ಈಗಲೂ ‘ಆರು ಜೋ’, ‘ಎಂಟು ಜೋ’ ಎಂದೇ ಸಿಗುತ್ತದೆ. ತತಾಮಿ ಎಂದರೆ ಜಪಾನಿನ ಮನೆಗಳಲ್ಲಿ ನೆಲಕ್ಕೆ ಹಾಸುವ, ಹುಲ್ಲು-ಜೊಂಡಿನ ದಪ್ಪ ಹಾಸು; ಅಂಥದ್ದೊಂದು ಹಿಡಿಸುವಷ್ಟು ಜಾಗ ಒಂದು ಜೋ. ಜಾಹೀರಾತಿನ ನಿಯಮದಂತೆ ಅದು ಕನಿಷ್ಠ 1.62 ಚದರ ಮೀಟರ್ ಇರಬೇಕು. ತಮಾಷೆಯೆಂದರೆ, ಹೀಗೆ ಅಳೆದ ಎಷ್ಟೋ ಕೋಣೆಗಳಲ್ಲಿ ತತಾಮಿಯೇ ಇರುವುದಿಲ್ಲ. ಹಲಗೆ ಹೊದಿಸಿದ ನೆಲ, ಮೇಲೊಂದು ಮಂಚ, ಅಷ್ಟೇ. ಇಂಥ ಫ್ಲಾಟುಗಳಿಗೆ ಒಗ್ಗುವ ತತಾಮಿ ಮಾಡುವವರನ್ನು ‘ಸಂಪ್ರದಾಯ ಮುರಿದವರು’ ಎನ್ನುವುದುಂಟು. ಇತಿಹಾಸ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಮೊದಮೊದಲು ತತಾಮಿ ಇಡೀ ನೆಲಕ್ಕೆ ಹಾಸುವ ವಸ್ತುವೇ ಆಗಿರಲಿಲ್ಲ. ನಾರಾದ ಶೋಸೊಯಿನ್ ಭಂಡಾರದಲ್ಲಿ ಉಳಿದಿರುವ ಎಂಟನೇ ಶತಮಾನದ ತತಾಮಿ ಶೋಮು ಚಕ್ರವರ್ತಿಯ ಹಾಸಿಗೆಯದು. ಹೇಯಾನ್ ಕಾಲದ (8ರಿಂದ 12ನೇ ಶತಮಾನ) ಅರಮನೆಗಳಲ್ಲಿ ಮರದ ನೆಲ. ದೊಡ್ಡವರು ಕೂರುವ ಕಡೆ ಮಾತ್ರ ತತಾಮಿ. ಅದರ ದಪ್ಪ, ಅಂಚುಪಟ್ಟಿಯ ಬಣ್ಣ ನೋಡಿದರೆ ಕೂತವರ ದರ್ಜೆ ತಿಳಿಯುತ್ತಿತ್ತು. ಕೋಣೆ ತುಂಬಾ ಹಾಸುವ ಪದ್ಧತಿ ನೆಲೆಯಾದದ್ದು ಮುರೊಮಾಚಿ ಕಾಲದಲ್ಲಿ (14ರಿಂದ 16ನೇ ಶತಮಾನ). ಈಗ ಬೌದ್ಧ ದೇಗುಲವಾಗಿರುವ ಕ್ಯೋಟೊದ ಗಿಂಕಾಕುಜಿಯಲ್ಲಿ 1486ರಲ್ಲಿ ಕಟ್ಟಿದ ತೊಗುದೊ ಕಟ್ಟಡದ ನಾಲ್ಕೂವರೆ ತತಾಮಿಯ ಪುಟ್ಟ ಕೋಣೆ ಇವತ್ತಿಗೂ ಇದೆ. ಬಡವರ ಮನೆಗೆ ತತಾಮಿ ಬಂದದ್ದು ಬಹಳ ತಡವಾಗಿ.

ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಕ್ಯೋಟೊ ಮತ್ತು ಎದೊ (ಇಂದಿನ ಟೋಕಿಯೊ) ನಡುವಿನ ಭೇದ. ಕ್ಯೋಟೊ ಕಡೆ ಮೊದಲು ತತಾಮಿ, ಆಮೇಲೆ ಮನೆ: 191 ಸೆಂ.ಮೀ. ಉದ್ದದ ತತಾಮಿ ಇಷ್ಟು ಹಿಡಿಸಬೇಕೆಂದು ಲೆಕ್ಕ ಹಾಕಿ ಕಂಬ ನೆಡುತ್ತಿದ್ದರು. ಆ ಭಾಗದಲ್ಲಿ ಅಳತೆ ಎಲ್ಲೆಡೆ ಒಂದೇ ಆದ್ದರಿಂದ ಪಕ್ಕದ ಒಸಾಕಾದ ಬಾಡಿಗೆದಾರರು ಬರಿ ಮನೆ ಹಿಡಿದು ತತಾಮಿಯನ್ನು ತಾವೇ ತಂದು ಹಾಸಿಕೊಳ್ಳುತ್ತಿದ್ದರು, ಬಿಡುವಾಗ ಹೊತ್ತೊಯ್ಯುತ್ತಿದ್ದರು. ಎದೊದಲ್ಲಿ ಕಂಬದ ನಡುವಿನಿಂದ ನಡುವಿಗೆ ಅಳತೆ ಹಿಡಿದು ಮನೆ ಕಟ್ಟಿ, ಉಳಿದ ಜಾಗಕ್ಕೆ ತತಾಮಿ ಕತ್ತರಿಸುತ್ತಿದ್ದರು. ಅದರ ಉದ್ದ ಸುಮಾರು 176 ಸೆಂ.ಮೀ.ಗೆ ಇಳಿಯಿತು. ಕೋಣೆಗೆ ತಕ್ಕಂತೆ ತತಾಮಿ ಹೊಂದಿಸುವ ಇಂದಿನ ಕೆಲಸಗಾರ ಆ ಎದೊ ದಾರಿಯಲ್ಲೇ ಇದ್ದಾನೆ.

ತತಾಮಿ ನಮ್ಮ ಚಾಪೆಯಂತೆ ಸುತ್ತಿ ಮೂಲೆಗಿಡುವಂಥದ್ದಲ್ಲ. ಸುಮಾರು 40 ಸೆಂ.ಮೀ. ಎತ್ತರಕ್ಕೆ ಒಟ್ಟಿದ ಭತ್ತದ ಹುಲ್ಲನ್ನು ಅದುಮಿ, ಹೊಲಿದು 5 ಸೆಂ.ಮೀ.ಗೆ ಇಳಿಸಿದ ಒಳದಿಂಡು. ತೂಕ 30 ಕಿಲೋ ಆಸುಪಾಸು. ಅದರ ಮೇಲೆ ಇಗುಸಾ ಎಂಬ ಜೊಂಡಿನ ನಾಲ್ಕು ಸಾವಿರಕ್ಕೂ ಹೆಚ್ಚು ಎಳೆಗಳನ್ನು ನೇಯ್ದ ಮೇಲುಹಾಸು. ಕುಮಾಮೊಟೊ ಪ್ರಾಂತದ ಯತ್ಸುಶಿರೊ ಸುತ್ತ ಚಳಿಗಾಲದಲ್ಲಿ ನಾಟಿ ಮಾಡಿ, ಜೂನ್-ಜುಲೈನಲ್ಲಿ ಕೊಯ್ದು, ಜೇಡಿಮಣ್ಣಿನ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಹಸಿರು ಬಣ್ಣ, ಆ ಹೆಸರಾದ ವಾಸನೆ ಉಳಿಯುವುದು ಈ ಮಣ್ಣಿನಿಂದಲೇ.

ಎರಡನೇ ಮಹಾಯುದ್ಧದ ನಂತರ ಏಟಿನ ಮೇಲೆ ಏಟು. ಕಂಬೈನ್ ಯಂತ್ರ ಕೊಯ್ಲಿನ ಜೊತೆಗೇ ಹುಲ್ಲನ್ನು ತುಂಡು ಮಾಡತೊಡಗಿ ಉದ್ದ ಹುಲ್ಲು ಸಿಗದಾಯಿತು. ದಿಂಡಿಗೆ ಫೋಮ್, ಮರದ ನಾರಿನ ಹಲಗೆ ಬಂತು. ಕುರ್ಚಿ-ಮಂಚದ ಬದುಕು ಬಂತು. ಚೀನಾದಿಂದ ಅಗ್ಗದ ಮೇಲುಹಾಸು ಬಂತು. 2001ರ ಏಪ್ರಿಲ್‌ನಲ್ಲಿ ಜಪಾನ್ ಆ ಮೇಲುಹಾಸು, ಶಿಟಾಕೆ ಅಣಬೆ ಮತ್ತು ನೆಗಿ ಎಂಬ ಈರುಳ್ಳಿ ಜಾತಿಯ ತರಕಾರಿಯ ಮೇಲೆ 200 ದಿನಗಳ ತುರ್ತು ಸುಂಕ ಹೇರಿತು. ಚೀನಾ ಜಪಾನಿನ ಕಾರು, ಮೊಬೈಲ್, ಏರ್ ಕಂಡಿಷನರ್‌ಗಳ ಮೇಲೆ ಸುಂಕ ಜಡಿದು ಸೇಡು ತೀರಿಸಿಕೊಂಡಿತು. ಜೊಂಡಿಗಾಗಿ ಕಾರಿನ ವ್ಯಾಪಾರ ಯಾರು ಕಳೆದುಕೊಳ್ಳುತ್ತಾರೆ? ವರ್ಷದ ಕೊನೆಗೆ ರಾಜಿಯಾಯಿತು. ಇಗುಸಾ ಬೆಳೆಯುವ ಸಾವಿರಾರು ಕುಟುಂಬಗಳಿದ್ದ ಕುಮಾಮೊಟೊದಲ್ಲಿ ಈಗ ಉಳಿದಿರುವುದು ಕೆಲವೇ ನೂರು.

ಇಂದಿನ ಕುಶಲಕರ್ಮಿಯ ಸರಕು ಬೇರೆ: ಹಲಗೆ ನೆಲದ ಮೇಲೆಯೇ ಇಡುವ ತೆಳು ಚೌಕಗಳು, ಕಾಗದದ ಹುರಿಯ ಅಥವಾ ಪ್ಲಾಸ್ಟಿಕ್ ಎಳೆಯ ನೇಯ್ಗೆ, ಅಂಚುಪಟ್ಟಿಯಿಲ್ಲದ ಅರ್ಧ ತತಾಮಿ. ಒಂದೇ ಜೊಂಡಿನ ಚೌಕಗಳನ್ನು ಅಡ್ಡ-ಉದ್ದ ತಿರುಗಿಸಿಟ್ಟರೆ ಬೆಳಕು ಬೀಳುವ ಬಗೆ ಬದಲಾಗಿ ಎರಡು ಬಣ್ಣದಂತೆ ಕಾಣುತ್ತದೆ. ಗಿಫು ಪ್ರಾಂತದ ಹಶಿಮಾದ ಒಂದು ಕಾರ್ಯಾಗಾರ ಈ ಗುಣವನ್ನೇ ಹಿಡಿದು, ಬಹುಭುಜ ತುಂಡುಗಳನ್ನು ಜೋಡಿಸಿ, ಬಣ್ಣವನ್ನೇ ಬಳಸದೆ ನೆಲದ ಮೇಲೆ ಡ್ರ್ಯಾಗನ್ ಮೂಡಿಸಿದೆ.

ಚೆಂದವೇನೋ ಹೌದು. ನನ್ನ ತಕರಾರು ದುರಸ್ತಿಯ ಬಗ್ಗೆ. ಹಳೆಯ ತತಾಮಿಯ ಮೇಲುಹಾಸು ಕೆಲವು ವರ್ಷಕ್ಕೆ ಮಾಸಿದಾಗ ಬಿಚ್ಚಿ, ಮಗುಚಿ, ಒಳಬದಿ ಮೇಲೆ ಮಾಡಿ ಹೊಲಿಯುತ್ತಿದ್ದರು; ಬೀದಿಯ ತತಾಮಿ ಅಂಗಡಿಯ ಖಾಯಂ ಸಂಪಾದನೆಯಲ್ಲಿ ಅದೂ ಒಂದು. ಅಂಚಿಲ್ಲದ ಚೌಕದಲ್ಲಿ ಜೊಂಡನ್ನು ಬದಿಗೆ ಬಿಗಿಯಾಗಿ ಮಡಚಿರುತ್ತಾರೆ. ಒಣಗಿದ ಮೇಲೆ ಮಗುಚಲು ಹೋದರೆ ಮಡಿಕೆಯಲ್ಲೇ ಮುರಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಹೊಸ ಮೇಲುಹಾಸೇ ಬೇಕು.