ಸಾಕುವವರಿಗೂ ಸಾಕಾದಾಗ: ‘ರೆಸ್ಪೈಟ್ ಕೇರ್’ ಅಂದರೇನು?

ಕನ್ನಡದಲ್ಲಿ ‘ಸಾಕು’ ಅನ್ನೋ ಪದಕ್ಕೆ ಎರಡು ಮುಖ. ಮಗು ಸಾಕು, ಹಸು ಸಾಕು ಅನ್ನುವಾಗ ಅದು ಪೊರೆಯುವ ಮಾತು. ಎಲೆಯ ಮೇಲೆ ಇನ್ನೊಂದು ಹೋಳಿಗೆ ಬೀಳುವಾಗ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಅಂದರೆ ಇನ್ನು ಬೇಡ ಅಂತ. ಒಂದೇ ಪದದೊಳಗೆ ಎರಡೂ ಕೂತಿರುವುದು ಆಕಸ್ಮಿಕ ಇರಬಹುದು. ಆದರೆ ಮಕ್ಕಳನ್ನು ಸಾಕಿದ ಯಾರನ್ನಾದರೂ ಕೇಳಿ, ಎರಡಕ್ಕೂ ಬಹಳ ದೂರವಿಲ್ಲ ಅಂತಾರೆ. ಸಾಕುವವರಿಗೂ ಒಂದು ದಿನ ‘ಸಾಕಪ್ಪಾ’ ಅನ್ನಿಸುತ್ತದೆ. ಬೇರೆಯವರ ಮಗುವನ್ನು, ಅದೂ ಸರ್ಕಾರ ನಂಬಿ ಒಪ್ಪಿಸಿದ ಮಗುವನ್ನು ಸಾಕುತ್ತಿರುವವರಿಗೆ ಹಾಗನ್ನಿಸಿದರೆ? ಇಂಗ್ಲೆಂಡಿನಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ಅದರ ಹೆಸರು ರೆಸ್ಪೈಟ್ ಕೇರ್. ಸ್ಕಾಟ್ಲೆಂಡ್, ವೇಲ್ಸ್‌ಗಳ ಕಾನೂನು ಬೇರೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಮಾತು.

ಮೊದಲು ‘ಫಾಸ್ಟರ್ ಕೇರ್’ ಅಂದರೇನು ಅಂತ ನೋಡೋಣ. ಇದು ದತ್ತು ಅಲ್ಲ. ದತ್ತು ಕೊಟ್ಟರೆ ಮಗು ಕಾನೂನಿನ ಪ್ರಕಾರ ಹೊಸ ಮನೆಯದ್ದೇ ಆಗುತ್ತದೆ. ಫಾಸ್ಟರ್ ಕೇರ್‌ನಲ್ಲಿ ಹಾಗಾಗುವುದಿಲ್ಲ. ಹೆತ್ತವರು ನೋಡಿಕೊಳ್ಳಲಾರದ ಸ್ಥಿತಿಯಲ್ಲಿದ್ದಾಗ, ಅಥವಾ ಆ ಮನೆಯಲ್ಲಿ ಮಗು ಸುರಕ್ಷಿತವಲ್ಲ ಎಂದಾದಾಗ, ಸ್ಥಳೀಯ ಆಡಳಿತ ಮಗುವಿನ ಹೊಣೆ ಹೊತ್ತು ಇನ್ನೊಂದು ಕುಟುಂಬದಲ್ಲಿ ಇರಿಸುತ್ತದೆ. ಕೆಲವು ಮಕ್ಕಳು ವಾರ ಕಳೆದು ವಾಪಸ್ ಹೋಗುತ್ತಾರೆ. ಕೆಲವರು ಹದಿನೆಂಟು ತುಂಬುವವರೆಗೂ ಅಲ್ಲೇ ಬೆಳೆಯುತ್ತಾರೆ. 2024ರ ಮಾರ್ಚ್ ಕೊನೆಗೆ ಇಂಗ್ಲೆಂಡಿನಲ್ಲಿ ಸುಮಾರು 83,600 ಮಕ್ಕಳು ಸ್ಥಳೀಯ ಆಡಳಿತಗಳ ಪಾಲನೆಯಲ್ಲಿದ್ದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಇದ್ದದ್ದು ಫಾಸ್ಟರ್ ಮನೆಗಳಲ್ಲಿ.

ಇನ್ನು ‘ರೆಸ್ಪೈಟ್’. ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಪದ ಇದು. ಹಿಂದಕ್ಕೆ ಹೋದರೆ ಲ್ಯಾಟಿನ್‌ನಲ್ಲಿ ‘ತಿರುಗಿ ನೋಡು’ ಅನ್ನುವ ಅರ್ಥದ ಬೇರು ಸಿಗುತ್ತದೆ. ‘ರೆಸ್ಪೆಕ್ಟ್’ ಹುಟ್ಟಿದ್ದೂ ಅದೇ ಬೇರಿನಿಂದ. ಸಾಲ ತೀರಿಸಲು ಕೊಡುವ ಗಡುವು, ಶಿಕ್ಷೆಯನ್ನು ಕೆಲ ಕಾಲ ಮುಂದೂಡುವುದು, ಇವೆಲ್ಲ ಒಂದು ಕಾಲಕ್ಕೆ ರೆಸ್ಪೈಟ್ ಆಗಿದ್ದವು. ಈಗ ಅದರ ಅರ್ಥ ಕಷ್ಟದ ಕೆಲಸದ ನಡುವೆ ಸಿಗುವ ಉಸಿರು. ಫಾಸ್ಟರ್ ಕೇರ್‌ನಲ್ಲಿ ಹೇಳುವುದಾದರೆ, ಸಾಕುವವರು ದಣಿದಾಗ, ಕಾಯಿಲೆ ಬಿದ್ದಾಗ, ಊರಿಗೆ ಹೋಗಲೇಬೇಕಾದಾಗ, ಮಗು ಒಂದೆರಡು ರಾತ್ರಿಯೋ ಒಂದು ವಾರವೋ ಒಪ್ಪಿಗೆ ಪಡೆದ ಇನ್ನೊಂದು ಮನೆಯಲ್ಲಿ ಇರುವುದು.

ಇದರಲ್ಲೇನು ವಿಶೇಷ ಅನ್ನಿಸಬಹುದು. ನಮ್ಮಲ್ಲಿ ಇದಕ್ಕೆ ಯಾವ ಹೆಸರೂ ಬೇಕಾಗಿರಲಿಲ್ಲ ನೋಡಿ. ಬೇಸಿಗೆ ರಜೆ ಬಂತು, ಮಕ್ಕಳನ್ನು ಬಸ್ಸು ಹತ್ತಿಸಿದರು, ಅಜ್ಜಿ ಮನೆ. ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂದರೆ ಚಿಕ್ಕಮ್ಮನ ಮನೆ. ಅಲ್ಲಿ ಹೋದ ಮಗುವಿಗೆ ಅಮ್ಮನಿಗೆ ನಾನು ಹೊರೆಯಾದೆ ಅನ್ನೋ ಯೋಚನೆಯೇ ಬರುತ್ತಿರಲಿಲ್ಲ. ಅಜ್ಜಿ ಮಾಡಿಟ್ಟ ಚಕ್ಕುಲಿ ನೆನಪಾಗುತ್ತಿತ್ತು, ಅಷ್ಟೇ. ಫಾಸ್ಟರ್ ಮನೆಯವರಿಗೆ ಈ ಸಲೀಸು ಇಲ್ಲ. ಹದಿನೈದು ದಿನಕ್ಕೆ ಅಕ್ಕನ ಮನೆಯಲ್ಲಿ ಬಿಟ್ಟು ಬಂದರಾಯಿತು ಎಂದು ಅವರು ತಾವೇ ತೀರ್ಮಾನಿಸುವಂತಿಲ್ಲ. ಮಗು ಎಲ್ಲಿದೆ, ಯಾರ ಜೊತೆ ಮಲಗಿದೆ ಎಂಬುದಕ್ಕೆ ಉತ್ತರ ಕೊಡಬೇಕಾದವರು ಬೇರೆಯವರೂ ಇದ್ದಾರೆ.

ಯಾಕಿಷ್ಟು ಬಿಗಿ? ಇದರ ಹಿಂದೆ ಒಂದು ಸಾವಿದೆ. ವೇಲ್ಸ್‌ನ ನ್ಯೂಪೋರ್ಟಿನ ಹುಡುಗ ಡೆನಿಸ್ ಓನೀಲ್. ಹನ್ನೆರಡು ವರ್ಷ. ನ್ಯೂಪೋರ್ಟ್ ಆಡಳಿತ 1944ರಲ್ಲಿ ಅವನನ್ನು ಗಡಿ ದಾಟಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಒಂದು ತೋಟದ ಮನೆಯಲ್ಲಿ ಇರಿಸಿತು. ಕಳಿಸಿದ ಊರು ಒಂದು, ಇದ್ದ ಊರು ಇನ್ನೊಂದು. ಹೋಗಿ ನೋಡಿ ಬರಬೇಕಾದವರು ಯಾರು ಅನ್ನುವುದರಲ್ಲೇ ಎರಡೂ ಕಡೆ ಗೊಂದಲ. ಡಿಸೆಂಬರ್‌ನಲ್ಲಿ ನ್ಯೂಪೋರ್ಟಿನಿಂದ ಹೋದ ಒಬ್ಬ ಮಹಿಳಾ ನೌಕರರು ಹುಡುಗನ ಸ್ಥಿತಿ ಕಂಡು, ಅವನನ್ನು ಅಲ್ಲಿಂದ ಕರೆತರಬೇಕು ಎಂದು ಹೇಳಿದ್ದರು. ಕರೆತರುವ ಮೊದಲೇ, 1945ರ ಜನವರಿ 9ರಂದು, ಹೊಡೆತ ಮತ್ತು ಹಸಿವಿನಿಂದ ಅವನು ತೀರಿಹೋದ. ಸರ್ ವಾಲ್ಟರ್ ಮಾಂಕ್ಟನ್ ವಿಚಾರಣೆ ನಡೆಸಿ ವರದಿ ಕೊಟ್ಟರು. ಹೆತ್ತವರಿಂದ ದೂರವಿರುವ ಮಕ್ಕಳ ಪಾಲನೆ ಹೇಗಿದೆ ಎಂದು ನೋಡಿದ ಕರ್ಟಿಸ್ ಸಮಿತಿಯ ವರದಿ 1946ರಲ್ಲಿ ಬಂತು, ಆಮೇಲೆ 1948ರ ಮಕ್ಕಳ ಕಾಯ್ದೆ. ‘ಇನ್ನೊಬ್ಬರು ನೋಡ್ತಾರೆ ಬಿಡು’ ಅನ್ನುವ ಮಾತಿಗೆ ಒಂದು ಮಗು ಬಲಿಯಾದ ಮೇಲೆ, ನೋಡಬೇಕಾದವರು ಯಾರು ಎಂದು ಹೆಸರು ಹಿಡಿದು ಬರೆಯುವುದು ಅಲ್ಲಿ ಅಭ್ಯಾಸವಾಯಿತು.

ಆ ಅಭ್ಯಾಸ ಈಗ ಹೇಗಿದೆ ಅಂದರೆ, ಫಾಸ್ಟರ್ ಮನೆಗೆ ಒಬ್ಬರಲ್ಲ, ಇಬ್ಬರು ಸೋಶಿಯಲ್ ವರ್ಕರ್ ಬರುತ್ತಾರೆ. ಹೊಸಬರಿಗೆ ಇದೇ ದೊಡ್ಡ ಗೊಂದಲ. ಒಬ್ಬರು ಮಗುವಿನ ಕಡೆಯವರು, ಸ್ಥಳೀಯ ಆಡಳಿತದಿಂದ ಬರುವವರು. ಮಗು ಆ ಮನೆಗೆ ಬಂದ ಒಂದು ವಾರದೊಳಗೆ ಅವರು ಬಂದು ನೋಡಬೇಕು. ಮೊದಲ ವರ್ಷ ಆರು ವಾರಕ್ಕೊಮ್ಮೆಯಾದರೂ ಬರಬೇಕು. ಇನ್ನೊಬ್ಬರು ಸಾಕುವವರ ಕಡೆಯವರು. ಮನೆಯವರಿಗೆ ಸಲಹೆ, ಬೆಂಬಲ, ತರಬೇತಿ ಅವರ ಕೆಲಸ. ಆ ಮನೆಯ ಮೇಲೆ ಕಣ್ಣಿಡುವುದೂ ಅವರದೇ ಕೆಲಸ. ವರ್ಷಕ್ಕೆ ಒಂದು ಸಲವಾದರೂ ಹೇಳದೆ ಕೇಳದೆ ಬಂದು ಬಾಗಿಲು ಬಡಿಯಬೇಕು ಅಂತಲೇ ಮಾನದಂಡದಲ್ಲಿದೆ. ಜೊತೆಗೆ ‘ನೀವು ಸಾಕಲು ಅರ್ಹರು’ ಎಂದು ಕೊಟ್ಟ ಒಪ್ಪಿಗೆಯನ್ನು ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡುತ್ತಾರೆ. ಇದೆಲ್ಲ ನಡೆಸುವ ಸಂಸ್ಥೆ ಸ್ಥಳೀಯ ಆಡಳಿತದ್ದೇ ಇರಬಹುದು, ಖಾಸಗಿ ಏಜೆನ್ಸಿಯೂ ಆಗಿರಬಹುದು. ಆ ಸಂಸ್ಥೆಗಳನ್ನು ಪರಿಶೀಲಿಸಲು ಮೇಲೆ ಆಫ್‌ಸ್ಟೆಡ್ ಇದೆ. ಶಾಲೆಗಳನ್ನು ಪರಿಶೀಲಿಸುವುದೂ ಅದೇ.

ಕೇಳೋಕೇ ಸುಸ್ತಾಗುತ್ತೆ, ಅಲ್ವಾ? ಮಗುವಿನ ಕೂದಲು ಕತ್ತರಿಸಬೇಕಾ, ಅದನ್ನು ಯಾರು ತೀರ್ಮಾನಿಸಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಹೆತ್ತ ತಾಯಿಗೆ ತನ್ನ ಮಗನ ಉದ್ದ ಕೂದಲು ಇಷ್ಟವಾಗಿದ್ದರೆ, ಸಾಕುವವರು ಒಂದು ಶನಿವಾರ ಸುಮ್ನೆ ಸಲೂನಿಗೆ ಕರೆದುಕೊಂಡು ಹೋಗಿ ಬೋಳಿಸಿಬಿಟ್ಟರೆ ಅದು ಸಣ್ಣ ವಿಷಯವಲ್ಲ. ಶಾಲೆಯ ಪ್ರವಾಸದ ಚೀಟಿಗೆ ಸಹಿ, ಗೆಳೆಯನ ಮನೆಯಲ್ಲಿ ಒಂದು ರಾತ್ರಿ ಮಲಗುವುದು, ಇವೂ ಆ ಪಟ್ಟಿಯಲ್ಲಿ ಬರುತ್ತವೆ. ಈ ಗೆಳೆಯನ ಮನೆ ವಿಚಾರದಲ್ಲಿ ಬಿಗಿ ಅತಿಯಾಗಿಬಿಟ್ಟಿತ್ತು. ಆ ಮನೆಯವರ ಪೊಲೀಸ್ ದಾಖಲೆ ತಪಾಸಣೆ ಆಗದೆ ಕಳಿಸುವಂತಿಲ್ಲ ಎಂದು ಎಷ್ಟೋ ಕಡೆ ಅಂದುಕೊಂಡಿದ್ದರು. ಹುಟ್ಟುಹಬ್ಬಕ್ಕೆ ಕರೆದ ಗೆಳೆಯನ ಅಪ್ಪ ಅಮ್ಮನಿಗೆ ಪೊಲೀಸ್ ತಪಾಸಣೆ! ಎರಡನೇ ಸಲ ಯಾರು ಕರೆಯುತ್ತಾರೆ? 2004ರಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿ, ಅದರ ಅಗತ್ಯವಿಲ್ಲ, ಒಳ್ಳೆಯ ತಂದೆತಾಯಿ ವಿಚಾರಿಸುವಷ್ಟು ವಿಚಾರಿಸಿ ಕಳಿಸಿ ಎಂದಿತು.

ರೆಸ್ಪೈಟ್ ಬೇರೆ ಬಗೆ. ಅಲ್ಲಿ ಮಗುವನ್ನು ನೋಡಿಕೊಳ್ಳುವವರೂ ಸಾಮಾನ್ಯವಾಗಿ ಒಪ್ಪಿಗೆ ಪಡೆದ ಫಾಸ್ಟರ್ ಕುಟುಂಬವೇ. ಅದೇ ತರಬೇತಿ, ಅದೇ ತಪಾಸಣೆ, ಅರ್ಹತೆ ನೋಡುವ ಅದೇ ಸಮಿತಿಯ ಮುಂದೆ ಕೂತು ಎದ್ದು ಬಂದವರು. ತಿಂಗಳಿಗೊಂದು ವಾರಾಂತ್ಯ ಮಾತ್ರ ನೋಡಿಕೊಳ್ಳುತ್ತೇವೆ ಎಂದೇ ಒಪ್ಪಿಗೆ ಪಡೆದವರೂ ಇದ್ದಾರೆ. ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ ಅನ್ನುವುದು ಏಜೆನ್ಸಿಯಿಂದ ಏಜೆನ್ಸಿಗೆ ಬೇರೆ. ಎರಡು ವಾರ ಸಂಬಳದ ರಜೆಯ ಹಾಗೆ ಕೊಡುವ ಏಜೆನ್ಸಿಗಳೂ ಇವೆ. ಲೆಕ್ಕ ತಪ್ಪುವುದು ಇನ್ನೊಂದು ಕಡೆ. ಒಂದು ಮನೆಯಲ್ಲಿ ಸಾಮಾನ್ಯವಾಗಿ ಮೂರಕ್ಕಿಂತ ಜಾಸ್ತಿ ಫಾಸ್ಟರ್ ಮಕ್ಕಳು ಇರುವಂತಿಲ್ಲ, ಅವರೆಲ್ಲ ಒಡಹುಟ್ಟಿದವರಾಗಿದ್ದರೆ ಮಾತ್ರ ಬೇರೆ. ಹಾಗಾಗಿ ನಿಮ್ಮ ಮಗುವಿಗೆ ಚೆನ್ನಾಗಿ ಹೊಂದಿಕೊಂಡ ಮನೆಯಲ್ಲಿ ಈಗಾಗಲೇ ಮೂವರಿದ್ದರೆ, ಎರಡು ರಾತ್ರಿಗೂ ನಾಲ್ಕನೆಯವರನ್ನು ಸೇರಿಸಲು ಸ್ಥಳೀಯ ಆಡಳಿತದ ವಿನಾಯಿತಿ ಬೇಕು. ಅದು ಸಿಗದಿದ್ದರೆ ಬೇರೆ ಮನೆ ಹುಡುಕಬೇಕು. ಅಂದರೆ ಮಗುವಿಗೆ ಗುರುತಿಲ್ಲದ ಮನೆ.

ಇಂಥದ್ದೇ ಬಿಡುವು ಹೆತ್ತವರಿಗೂ ಸಿಗುತ್ತದೆ, ಮುಖ್ಯವಾಗಿ ಅಂಗವಿಕಲ ಮಕ್ಕಳ ತಂದೆತಾಯಿಗೆ. ಅದನ್ನು ‘ಶಾರ್ಟ್ ಬ್ರೇಕ್’ ಅನ್ನುತ್ತಾರೆ. 2010ರ ನಿಯಮಗಳಲ್ಲಿ ಇದಕ್ಕೆ ಅಂಕಿ ಹಾಕಿದ್ದಾರೆ: ಒಂದು ಸಲಕ್ಕೆ 17 ದಿನಕ್ಕಿಂತ ಹೆಚ್ಚಿಲ್ಲ, ವರ್ಷಕ್ಕೆ ಒಟ್ಟು 75 ದಿನಕ್ಕಿಂತ ಹೆಚ್ಚಿಲ್ಲ. ಈ ಮಿತಿಯೊಳಗಿದ್ದರೆ ಭೇಟಿ, ಪರಿಶೀಲನೆಗಳ ಕಟ್ಟು ಸ್ವಲ್ಪ ಸಡಿಲ. ನನಗೆ ಈ ಅಂಕಿಗಳಿಗಿಂತ ಮುಖ್ಯ ಅನ್ನಿಸಿದ್ದು ಅದೇ ನಿಯಮದ ಇನ್ನೊಂದು ಷರತ್ತು. ಪ್ರತಿ ಸಲವೂ ಮಗು ಹೋಗುವುದು ಅದೇ ವ್ಯಕ್ತಿಯ ಬಳಿಗೆ, ಅಥವಾ ಅದೇ ಜಾಗಕ್ಕೆ ಆಗಿರಬೇಕು. ನಿಯಮ ಬರೆದವರಿಗೆ ಅಜ್ಜಿ ಮನೆಯ ಗುಟ್ಟು ಗೊತ್ತಿತ್ತು ಅಂತ ಕಾಣುತ್ತದೆ. ಅಜ್ಜಿ ಮನೆ ಪ್ರತಿ ವರ್ಷ ಬೇರೆಯಾಗುತ್ತಿದ್ದರೆ ಅದು ಅಜ್ಜಿ ಮನೆ ಹೇಗಾಗುತ್ತಿತ್ತು?

ಮಗುವಿನ ಕಡೆಯಿಂದ ಇದನ್ನು ನೋಡಿ. ಶುಕ್ರವಾರ ಸಂಜೆ. ಬಾಗಿಲ ಬಳಿ ಒಂದು ಬ್ಯಾಗು. ಒಳಗೆ ಎರಡು ಜೊತೆ ಬಟ್ಟೆ, ರಾತ್ರಿ ಹಾಕಿಕೊಳ್ಳುವ ಪೈಜಾಮ, ಔಷಧಿ, ಎಷ್ಟು ಹೊತ್ತಿಗೆ ಎಷ್ಟು ಕೊಡಬೇಕು ಎಂದು ಬರೆದ ಹಾಳೆ. ಇನ್ನೊಂದು ಚೀಟಿಯಲ್ಲಿ, ‘ಹಾಲಿನಲ್ಲಿ ಕೆನೆ ಬೇಡ, ಮಲಗಿದ ಮೇಲೆ ಹಜಾರದ ದೀಪ ಆರಿಸಬೇಡಿ.’ ದೊಡ್ಡವರಿಗೆ ಇದು ಎರಡು ರಾತ್ರಿಯ ಮಾತು. ಆದರೆ ಈ ಮಗು ಮೂರು ಮನೆ ಬದಲಾಯಿಸಿ ಬಂದಿರಬಹುದು. ಪ್ರತಿ ಸಲವೂ ಶುರುವಾಗಿದ್ದು ಇಂಥದ್ದೇ ಒಂದು ಬ್ಯಾಗಿನಿಂದ. ಬ್ಯಾಗೂ ಅಲ್ಲ, ಎಷ್ಟೋ ಮಕ್ಕಳ ಸಾಮಾನನ್ನು ಕಸದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಸಾಗಿಸಿದ್ದು ಅಲ್ಲಿನ ಹಳೆಯ ದೂರು. ಬಾಗಿಲ ಬಳಿಯ ಬ್ಯಾಗು ಆ ಮಗುವಿಗೆ ಹೇಳುವುದು ಒಂದೇ ಮಾತು: ಇಲ್ಲೂ ಸಾಕಾಯಿತು.

ಅದಕ್ಕೇ ರೆಸ್ಪೈಟ್ ಅನ್ನುವ ಪದವನ್ನು ಮಕ್ಕಳ ಎದುರು ಆಡಬೇಡಿ ಅನ್ನುವವರು ಈಗ ಅಲ್ಲಿ ತುಂಬ ಇದ್ದಾರೆ. 2019ರಲ್ಲಿ ಟ್ಯಾಕ್ಟ್ ಅನ್ನುವ ಸಂಸ್ಥೆ ಪಾಲನೆಯಲ್ಲಿರುವ ಮಕ್ಕಳನ್ನೇ ಕೇಳಿ, ಇಲಾಖೆಯ ಪದಗಳಿಗೆ ಬದಲಿ ಪದಗಳ ಪಟ್ಟಿ ಮಾಡಿತು. ಹೆತ್ತವರ ಭೇಟಿಗೆ ಇಲಾಖೆಯವರು ‘ಕಾಂಟ್ಯಾಕ್ಟ್’ ಅನ್ನುತ್ತಾರೆ, ಮಕ್ಕಳು ಅದನ್ನು ‘ಮನೆಯವರ ಜೊತೆ ಸಮಯ’ ಅನ್ನಿ ಎಂದರು. ಪಾಲನೆಯಲ್ಲಿರುವ ಮಕ್ಕಳು, ಇಂಗ್ಲಿಷಿನಲ್ಲಿ ‘ಲುಕ್ಡ್ ಆಫ್ಟರ್ ಚಿಲ್ಡ್ರನ್’, ಎಂಬುದನ್ನು ಚಿಕ್ಕದು ಮಾಡಿ ‘ಲ್ಯಾಕ್’ ಅಂತ ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಅದೇ ಸದ್ದಿಗೆ ‘ಕೊರತೆ’ ಅನ್ನುವ ಅರ್ಥವೂ ಇದೆ. ಮಕ್ಕಳಿಗೆ ಇಷ್ಟವಾಗದ್ದರಲ್ಲಿ ಆಶ್ಚರ್ಯವೇನು?

ಪದ ಬದಲಿಸಿದರೆ ಸಾಲದು, ಮನೆಯನ್ನೇ ಬೇರೆ ಥರ ಜೋಡಿಸಬೇಕು ಎಂದು ಹೊರಟದ್ದು ‘ಮಾಕಿಂಗ್‌ಬರ್ಡ್’ ಮಾದರಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2004ರಲ್ಲಿ ಶುರುವಾಯಿತು. 2015ರಿಂದ ಬ್ರಿಟನ್ನಿನಲ್ಲಿ ದಿ ಫಾಸ್ಟರಿಂಗ್ ನೆಟ್‌ವರ್ಕ್ ಅನ್ನುವ ಸಂಸ್ಥೆ ಇದನ್ನು ನಡೆಸುತ್ತಿದೆ. ಮಧ್ಯದಲ್ಲಿ ಅನುಭವವಿರುವ ಒಂದು ಫಾಸ್ಟರ್ ಮನೆ. ಅದರ ಸುತ್ತ ಆರರಿಂದ ಹತ್ತು ಕುಟುಂಬಗಳು. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಊಟ, ಆಟ. ಯಾರಿಗಾದರೂ ಬಿಡುವು ಬೇಕಾದರೆ ಮಗು ಹೋಗುವುದು ಆ ನಡುಮನೆಗೆ. ಅಲ್ಲಿ ಯಾವ ಕಪಾಟಿನಲ್ಲಿ ಬಿಸ್ಕತ್ತು ಇರುತ್ತದೆ ಅಂತ ಅದಕ್ಕೆ ಮೊದಲೇ ಗೊತ್ತು. ಒಟ್ಟು ಕುಟುಂಬದ ನಕಲೇ ಇದು, ಬೇಕಾದರೆ ಕಾಗದದ ಮೇಲೆ ಕಟ್ಟಿದ ಒಟ್ಟು ಕುಟುಂಬ ಅನ್ನಿ.

ನಮ್ಮ ಕಡೆ ಹೇಗಿದೆ? ಬಾಲನ್ಯಾಯ ಕಾಯ್ದೆ 2015ರ ಕಲಂ 44 ಫಾಸ್ಟರ್ ಕೇರ್ ಬಗ್ಗೆಯೇ ಇದೆ. ಮಗುವನ್ನು ಯಾವ ಮನೆಯಲ್ಲಿ ಇರಿಸಬೇಕು ಎಂದು ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಆ ಮನೆಗಳ ಪರಿಶೀಲನೆ ಪ್ರತಿ ತಿಂಗಳೂ ಆಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಇಂಗ್ಲೆಂಡಿನ ಆರು ವಾರಕ್ಕಿಂತ ಇದು ಬಿಗಿ. ಆರೈಕೆಯಲ್ಲಿ ಕೊರತೆ ಕಂಡರೆ ಮಗುವನ್ನು ಬೇರೆ ಕುಟುಂಬಕ್ಕೆ ಸೇರಿಸಬೇಕು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ ₹4,000 ನೆರವು ನಿಗದಿಯಾಗಿದೆ. ಹಣ, ಆಯ್ಕೆ, ಭೇಟಿ, ತಪ್ಪಿದರೆ ವರ್ಗಾವಣೆ, ಇಷ್ಟೂ ಆ ಕಲಮಿನಲ್ಲಿದೆ. ಸಾಕುವವರಿಗೆ ಬಿಡುವು ಅನ್ನುವ ಮಾತು ಮಾತ್ರ ಅದರಲ್ಲಿ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಮುಂದುವರಿಸಿ, ಇಲ್ಲದಿದ್ದರೆ ಮಗುವನ್ನು ಸ್ಥಳಾಂತರಿಸಿ. ನಡುವೆ ದಣಿದವರಿಗೆ ಒಂದು ಮೆಟ್ಟಿಲು ಇಟ್ಟಿಲ್ಲ. ಇದು ನನಗೆ ದೊಡ್ಡ ಕೊರತೆಯಾಗಿಯೇ ಕಾಣುತ್ತದೆ. ಯಾಕೆಂದರೆ ಕೆಟ್ಟವರಾಗಿ ಕೈಬಿಡುವವರಷ್ಟೇ ಅಲ್ಲ, ಸುಸ್ತಾಗಿ ಕೈಬಿಡುವವರೂ ಎಲ್ಲೆಡೆ ಇರುತ್ತಾರೆ.

ಮುಂದೆ ಎಂದಾದರೂ ಈ ವ್ಯವಸ್ಥೆ ಇಲ್ಲಿ ಬಂದರೆ ಕನ್ನಡದಲ್ಲಿ ಏನಂತ ಕರೆಯುವುದು? ಇಲಾಖೆಯವರು ‘ವಿರಾಮ ಆರೈಕೆ’ ಅಂದಾರು. ಫೈಲಿಗೆ ಅಡ್ಡಿಯಿಲ್ಲ. ‘ಬಿಡುವಿನ ಆರೈಕೆ’ ಅನ್ನಬಹುದು, ಅದು ನಮ್ಮದೇ ಪದ, ನನಗೂ ಇಷ್ಟ. ಆದರೆ ‘ಬಿಡುವು’ ಹುಟ್ಟಿದ್ದು ‘ಬಿಡು’ ಇಂದ. ಒಂದು ಸಲ ಬಿಟ್ಟುಹೋದವರನ್ನು ಕಂಡ ಮಗುವಿನ ಕಿವಿಗೆ ಅದರಲ್ಲಿ ಬೀಳುವುದು ಮೊದಲೆರಡು ಅಕ್ಷರ ಮಾತ್ರ. ಮಗುವಿಗೆ ಹೇಳುವಾಗ ಯಾವ ಪದವೂ ಬೇಡ ಅನ್ನಿಸುತ್ತದೆ. ‘ನಾಳೆ ಆ ಅತ್ತೆ ಮನೇಲಿ ಇರ್ತೀಯಾ ಪುಟ್ಟಾ? ನಿನ್ನ ಬ್ರಷ್ ಅಲ್ಲೇ ಇದೆ. ಭಾನುವಾರ ಸಂಜೆ ಐದಕ್ಕೆ ನಾನೇ ಬಂದು ಕರ್ಕೊಂಡ್ ಬರ್ತೀನಿ.’