ಮುಂಜಾನೆ ಹಳೆಯ ಡೀಸೆಲ್ ಕಾರು ತಡವಾಗಿ ಸ್ಟಾರ್ಟ್ ಆದರೆ ಇಂಜೆಕ್ಟರ್ ಬದಲಿಸಬೇಕೇ?

ಪ್ರಶ್ನೆ: ನಾವು ಬೀದರಿನವರು. ನಮ್ಮದು 2012ರ ಡೀಸೆಲ್ ಕಾರು, ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಹೋಗುವ ಬಗೆ). 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ. ದೀಪಾವಳಿ ಕಳೆದಾಗಿನಿಂದ ಮುಂಜಾನೆ ಮೊದಲ ಸಲ ಸ್ಟಾರ್ಟ್ ಮಾಡಲು ಏಳೆಂಟು ಸೆಕೆಂಡು ಸೆಲ್ಫ್ ಹೊಡೆಯಬೇಕಾಗುತ್ತಿದೆ, ಕೆಲವು ದಿನ ಮೂರನೆಯ ಪ್ರಯತ್ನಕ್ಕಷ್ಟೇ ಸ್ಟಾರ್ಟ್ ಆಗುತ್ತದೆ. ಆ ಬಳಿಕ ಸಂಜೆಯವರೆಗೂ ಯಾವ ತೊಂದರೆಯೂ ಇಲ್ಲ. ಹುಮನಾಬಾದ್ ಮೇಲೆ ಕಲಬುರಗಿಗೆ ಹೋಗಿ ಬಂದರೂ ಎಳೆತ ಕಡಿಮೆಯಾಗಿಲ್ಲ. ಗ್ಯಾರೇಜಿನವರು ‘ನಾಲ್ಕೂ ಇಂಜೆಕ್ಟರ್ ಹೋಗ್ಯಾವ್ರಿ, ಬದಲಿ ಮಾಡಬೇಕು’ ಎನ್ನುತ್ತಿದ್ದಾರೆ. ಹದಿಮೂರು ವರ್ಷದ ಗಾಡಿಗೆ ಇಷ್ಟು ಖರ್ಚು ಮಾಡುವುದು ಸರಿಯೇ?

ಉತ್ತರ: ಇಂಜೆಕ್ಟರ್ (ಸಿಲಿಂಡರಿನೊಳಗೆ ಡೀಸೆಲನ್ನು ತುಂತುರಾಗಿ ಚಿಮ್ಮಿಸುವ ಭಾಗ) ಬದಲಿಸುವ ನಿರ್ಧಾರವನ್ನು ಸದ್ಯಕ್ಕೆ ತಡೆಹಿಡಿಯಿರಿ. ನೀವು ಬರೆದಿರುವ ಲಕ್ಷಣಗಳಲ್ಲಿ ಅತಿ ಮುಖ್ಯವಾದದ್ದು, ತೊಂದರೆ ಮುಂಜಾನೆಗೆ ಮಾತ್ರ ಸೀಮಿತವಾಗಿದೆ ಎಂಬುದು. ಸವೆದ ಇಂಜೆಕ್ಟರ್ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ಡೀಸೆಲ್ ಬಿಸಿಯಾದಷ್ಟೂ ತೆಳುವಾಗುತ್ತದೆ, ತೆಳುವಾದ ಡೀಸೆಲ್ ಸವೆದ ಇಂಜೆಕ್ಟರಿನ ಒಳಸಂದುಗಳಿಂದ ಹೆಚ್ಚಾಗಿ ಸೋರಿ, ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿಗೆ ಹೋಗುತ್ತದೆ, ಸ್ಟಾರ್ಟಿಗೆ ಬೇಕಾದ ಒತ್ತಡ ಏರುವುದಿಲ್ಲ. ಆದುದರಿಂದ ಅಂಥ ಗಾಡಿ ಮೇ ತಿಂಗಳ ಮಧ್ಯಾಹ್ನ, ದೂರ ಓಡಿಸಿ ಹತ್ತು ನಿಮಿಷ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗದೆ ಸತಾಯಿಸುವುದೇ ಹೆಚ್ಚು. ನಿಮ್ಮ ಕಾರು ಕಲಬುರಗಿಯಲ್ಲಿ ಬಿಸಿಯಾಗಿ ನಿಂತಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದರೆ ನಾಲ್ಕು ಇಂಜೆಕ್ಟರುಗಳೂ ಒಟ್ಟಿಗೆ ಕೆಟ್ಟಿವೆ ಎಂಬ ಮಾತನ್ನು ಪರೀಕ್ಷೆಯಿಲ್ಲದೆ ಒಪ್ಪಲಾಗದು. ನಳಿಕೆಯ ತುದಿ ಕೆಟ್ಟು ಡೀಸೆಲ್ ತುಂತುರಾಗದೆ ಹನಿಹನಿಯಾಗಿ ಬೀಳುವ ಇಂಜೆಕ್ಟರ್ ಚಳಿಯಲ್ಲೂ ತೊಂದರೆ ಕೊಡಬಲ್ಲದು, ನಿಜ. ಆದರೆ ಅದು ಎಂಜಿನ್ ಬಿಸಿಯಾದ ಮೇಲೂ ಐಡಲಿನಲ್ಲಿ (ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ) ನಡುಕ, ಹೊಗೆ ಅಥವಾ ಬಡಿತದ ಸದ್ದಾಗಿ ತನ್ನ ಗುರುತು ಬಿಟ್ಟುಕೊಡುತ್ತದೆ.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಹದಿನಾರು-ಹದಿನೆಂಟನೆಯ ಒಂದು ಭಾಗಕ್ಕೆ ಒತ್ತಿದಾಗ ಆ ಗಾಳಿ ಕಾದು ನೂರಾರು ಡಿಗ್ರಿಗೆ ಏರುತ್ತದೆ, ಅದರೊಳಗೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೀಗಾಗಿ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ನಾಲ್ಕು ಸಂಗತಿಗಳು ಕೂಡಿ ಬರಬೇಕು: ಸೆಲ್ಫ್ ಸಾಕಷ್ಟು ವೇಗವಾಗಿ ತಿರುಗಬೇಕು, ಡೀಸೆಲ್ ತಕ್ಕ ಒತ್ತಡದಲ್ಲಿ ಬರಬೇಕು, ಸಿಲಿಂಡರಿನ ಒಳಗನ್ನು ಬೆಚ್ಚಗಾಗಿಸುವ ಹೀಟರ್ ಪ್ಲಗ್ ಕಾದು ಬಿಸಿಯಾಗಬೇಕು, ಸಿಲಿಂಡರಿನ ಕಂಪ್ರೆಷನ್ (ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ) ಉಳಿದಿರಬೇಕು. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಮುಂಜಾನೆಯ ಥಂಡಿ ಅಲ್ಲಿ ಕಲಬುರಗಿ, ಯಾದಗಿರಿಗಳಿಗಿಂತ ಹೆಚ್ಚು. ಬೇಸಿಗೆಯುದ್ದಕ್ಕೂ ಮರೆಯಾಗಿದ್ದ ಸಣ್ಣ ದೋಷವನ್ನು ಹೊರಗೆ ತೋರಿಸಲು ಅಷ್ಟು ಚಳಿ ಸಾಕು.

ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂಬುದನ್ನು ತಿಳಿಯಲು ಮೊದಲು ನೋಡಬೇಕಾದದ್ದು ಬಾನೆಟ್ಟಿನ ಒಳಗನ್ನಲ್ಲ, ಸೈಲೆನ್ಸರಿನ ಬಾಯನ್ನು. ನಾಳೆ ಮುಂಜಾನೆ ಮನೆಯ ಯಾರನ್ನಾದರೂ ಸೆಲ್ಫ್ ಹೊಡೆಯಲು ಕೂರಿಸಿ, ನೀವು ಹಿಂದೆ ಒಂದು ಪಕ್ಕಕ್ಕೆ ನಿಂತು ಗಮನಿಸಿ. ಎಂಜಿನ್ ತಿರುಗುತ್ತಿದ್ದರೂ ಸೈಲೆನ್ಸರಿನಿಂದ ಹೊಗೆಯೇ ಬರುತ್ತಿಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ ಎಂದರ್ಥ. ಕಣ್ಣು ಉರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಮೊದಲನೆಯದಾದರೆ ಹುಡುಕಾಟ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ, ಎರಡನೆಯದಾದರೆ ಹೀಟರ್ ಪ್ಲಗ್ ಮತ್ತು ಕಂಪ್ರೆಷನ್ನಿನಲ್ಲಿ. ಒಂದು ಪೈಸೆಯೂ ಖರ್ಚಿಲ್ಲದ ಈ ಪರೀಕ್ಷೆ ಅರ್ಧ ದಾರಿಯನ್ನು ಕಳೆದುಬಿಡುತ್ತದೆ. ಆದರೆ ಕಾರನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬಂದ ಹೊರತು ಯಾವ ಮಿಸ್ತ್ರಿಗೂ ಇದನ್ನು ನೋಡುವ ಅವಕಾಶವಿಲ್ಲ, ಏಕೆಂದರೆ ಮಧ್ಯಾಹ್ನ ನೀವು ಓಡಿಸಿಕೊಂಡು ಹೋದ ಗಾಡಿ ಆಗಲೇ ಬಿಸಿಯಾಗಿರುತ್ತದೆ.

ಮುಂದಿನ ಎರಡು ಮುಂಜಾನೆ ಇನ್ನೆರಡು ಪರೀಕ್ಷೆಗಳನ್ನು ಬೇರೆಬೇರೆಯಾಗಿ ಮಾಡಿ. ಒಂದೇ ದಿನ ಎರಡನ್ನೂ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಒಂದು ದಿನ ಬಾನೆಟ್ ತೆರೆದು, ಡೀಸೆಲ್ ಫಿಲ್ಟರಿನ ಬಳಿ ಕೈಯಿಂದ ಒತ್ತುವ ರಬ್ಬರಿನ ಬಲ್ಬ್ ಅಥವಾ ಗುಂಡಿ ಇದ್ದರೆ, ಅದು ಗಟ್ಟಿಯಾಗುವವರೆಗೆ ಒತ್ತಿ ಆ ಮೇಲೆ ಸ್ಟಾರ್ಟ್ ಮಾಡಿ. ತಕ್ಷಣ ಸ್ಟಾರ್ಟ್ ಆದರೆ ರಾತ್ರಿಯಿಡೀ ಪೈಪಿನೊಳಗೆ ಗಾಳಿ ಸೇರಿ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತಿದೆ ಎಂಬುದು ಹೆಚ್ಚುಕಡಿಮೆ ಖಚಿತ. ಇನ್ನೊಂದು ದಿನ ಬಲ್ಬನ್ನು ಮುಟ್ಟದೆ, ಕೀಲಿಯನ್ನು ಆನ್ ಮಾಡಿ ಸುರುಳಿಯ ಗುರುತಿನ ದೀಪ ಆರುವವರೆಗೆ ಕಾದು, ಮತ್ತೆ ಆಫ್ ಮಾಡಿ, ಹೀಗೆ ಮೂರು ಸಲ ಮಾಡಿದ ಬಳಿಕ ಸೆಲ್ಫ್ ಹೊಡೆಯಿರಿ. ಇದರಿಂದ ಸುಲಭವಾಗಿ ಸ್ಟಾರ್ಟ್ ಆದರೆ ಹೀಟರ್ ಪ್ಲಗ್ಗುಗಳಲ್ಲಿ ಒಂದೆರಡು ಸತ್ತಿರಬಹುದು, ಉಳಿದವು ಮೂರು ಸಲ ಕಾದು ಅವುಗಳ ಕೊರತೆ ತುಂಬುತ್ತಿವೆ. ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇರುವ ಕಾರುಗಳಲ್ಲಿ ಮಾತ್ರ ಈ ಎರಡನೆಯ ಪರೀಕ್ಷೆ ಅಷ್ಟು ಸ್ಪಷ್ಟವಲ್ಲ, ಏಕೆಂದರೆ ಪ್ರತಿ ಸಲ ಕೀಲಿ ತಿರುಗಿಸಿದಾಗ ಆ ಪಂಪೂ ಓಡಿ ಪೈಪನ್ನು ತುಂಬಿಸುತ್ತದೆ.

ಗಾಳಿ ಸೇರುವ ದೋಷದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹತ್ತು ವರ್ಷ ದಾಟಿದ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ, ಹಾಗೆಯೇ ಕಣ್ಣು ತಪ್ಪಿಸುವಂಥದ್ದು. ಪಂಪ್ ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳುವ ಕಾರುಗಳಲ್ಲಿ ಆ ಪೈಪಿನೊಳಗೆ ಒತ್ತಡವಲ್ಲ, ಹೀರುವಿಕೆ ಇರುತ್ತದೆ. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣದಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಹೊರಗಿನ ಬಿಸಿಲೇ 42 ಡಿಗ್ರಿ ದಾಟುವಾಗ ಬಾನೆಟ್ಟಿನೊಳಗಿನ ರಬ್ಬರಿನ ಗತಿ ಏನೆಂದು ಊಹಿಸಬಹುದು: ವರ್ಷ ಕಳೆದಂತೆ ಫಿಲ್ಟರ್ ಡಬ್ಬಿಯ ಓ-ರಿಂಗ್ (ಸಂದು ಮುಚ್ಚುವ ರಬ್ಬರಿನ ಬಳೆ), ರಿಟರ್ನ್ ಪೈಪುಗಳು, ಜೋಡಣೆಯ ವಾಷರುಗಳು ಗಡಸಾಗಿ ಬಿರಿಯುತ್ತವೆ. ನನ್ನ 2011ರ ಕಾರಿಗೂ ಇದೇ ಆಗಿತ್ತು. ಒಂದು ಗ್ಯಾರೇಜಿನ ಮಾತು ಕೇಳಿ ಮೊದಲು ಹೊಸ ಬ್ಯಾಟರಿ ಹಾಕಿಸಿದೆ, ಆ ಮೇಲೆ ಸೆಲ್ಫ್ ಮೋಟರ್ ಬಿಚ್ಚಿಸಿ ರಿಪೇರಿ ಮಾಡಿಸಿದೆ, ಮುಂಜಾನೆಯ ಕಷ್ಟ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಡೀಸೆಲ್ ಪಂಪಿನ ಕೆಲಸವನ್ನೇ ಮಾಡಿಕೊಂಡು ಬಂದಿದ್ದ ಹಿರಿಯ ಮಿಸ್ತ್ರಿಯೊಬ್ಬರು ಫಿಲ್ಟರಿನಿಂದ ಪಂಪಿಗೆ ಹೋಗುವ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದರು. ಎಂಜಿನ್ ಓಡುವಾಗ ಅದರಲ್ಲಿ ಗುಳ್ಳೆಗಳ ಸಾಲು ಕಣ್ಣಿಗೇ ಕಂಡಿತು. ದೋಷ ಇದ್ದದ್ದು ಫಿಲ್ಟರ್ ಬದಲಿಸುವಾಗ ಹಳೆಯದನ್ನೇ ಮತ್ತೆ ಕೂರಿಸಿದ್ದ ಓ-ರಿಂಗಿನಲ್ಲಿ. ಪ್ರತಿ ಸಲ ಹೊಸ ಫಿಲ್ಟರಿನ ಜೊತೆ ಹೊಸ ಓ-ರಿಂಗ್ ಹಾಕಿಸಬೇಕೆಂದು ನಾನು ಅಂದಿನಿಂದ ಪಟ್ಟು ಹಿಡಿಯುತ್ತೇನೆ.

ಹೀಟರ್ ಪ್ಲಗ್ಗಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಡ್ಯಾಷ್‌ಬೋರ್ಡಿನ ಸುರುಳಿ ದೀಪ ಹತ್ತಿ ಆರುವುದು ಕಾಯುವ ಸಮಯ ಮುಗಿದದ್ದನ್ನು ತಿಳಿಸುತ್ತದೆಯೇ ಹೊರತು ಪ್ಲಗ್ಗುಗಳು ನಿಜವಾಗಿ ಕಾದವು ಎಂಬುದಕ್ಕೆ ಸಾಕ್ಷಿಯಲ್ಲ. ಪ್ಲಗ್ಗಿನ ವೈರ್ ಕಳಚಿ, ಅದರ ತುದಿ ಮತ್ತು ಎಂಜಿನ್ ಬಾಡಿಯ ನಡುವೆ ಮಲ್ಟಿಮೀಟರ್ ಇಟ್ಟರೆ ಒಳ್ಳೆಯ ಪ್ಲಗ್ ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಸತ್ತದ್ದು ಅಂಕಿಯನ್ನೇ ತೋರಿಸುವುದಿಲ್ಲ. ನಾಲ್ಕೂ ಸರಿಯಿದ್ದರೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇಯಿಂದ ಅವುಗಳಿಗೆ ಕರೆಂಟ್ ಬರುತ್ತಿದೆಯೇ ಎಂದು ನೋಡಬೇಕು. 1998ರಲ್ಲಿ ಬಂದ ಮೊದಲ ಇಂಡಿಕಾದಂಥ ಕಾರುಗಳಲ್ಲಿ ಡೀಸೆಲ್ ಮೊದಲು ಪಕ್ಕದ ಚಿಕ್ಕ ಕೋಣೆಯೊಂದರಲ್ಲಿ ಹೊತ್ತಿಕೊಳ್ಳುತ್ತಿತ್ತು; ಆ ಕೋಣೆಯ ತಣ್ಣನೆಯ ಗೋಡೆಗಳು ಗಾಳಿಯ ಶಾಖವನ್ನು ಹೀರಿಕೊಳ್ಳುತ್ತಿದ್ದುದರಿಂದ ಹೀಟರ್ ಪ್ಲಗ್ ಇಲ್ಲದೆ ಚಳಿಯಲ್ಲಿ ಅವು ಅಲುಗುತ್ತಲೇ ಇರಲಿಲ್ಲ. ನಿಮ್ಮ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಚಿಮ್ಮುತ್ತದೆ, ನಮ್ಮ ಕಡೆಯ ಹವೆಯಲ್ಲಿ ಅದು ಪ್ಲಗ್ಗಿನ ಮೇಲೆ ಅಷ್ಟಾಗಿ ಅವಲಂಬಿಸಿಲ್ಲ. ಆದ್ದರಿಂದ ಒಂದು ಪ್ಲಗ್ ಕೆಟ್ಟರೆ ಮೊದಲ ನಿಮಿಷದ ನಡುಕ ಮತ್ತು ಬಿಳಿ ಹೊಗೆ ಸಹಜ, ಆದರೆ ಮೂರು ಸಲ ಸೆಲ್ಫ್ ಹೊಡೆಯುವಷ್ಟು ಕಷ್ಟವಾದರೆ ಅದರ ಜೊತೆಗೆ ಇನ್ನೊಂದು ದೋಷವೂ ಇದೆಯೆಂದೇ ನಾನು ಎಣಿಸುತ್ತೇನೆ.

ಬ್ಯಾಟರಿಯ ಮಾತು ಚಿಕ್ಕದು. ಬ್ಯಾಟರಿಯ ಆಯುಷ್ಯ ತಿನ್ನುವುದು ಬೇಸಿಗೆ, ಅದು ಬಯಲಾಗುವುದು ಚಳಿಗಾಲದಲ್ಲಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ ಅದು 9.5-10 ವೋಲ್ಟಿಗಿಂತ ಕೆಳಗೆ ಕುಸಿಯಬಾರದು. ಕುಸಿದರೆ ಬ್ಯಾಟರಿ ಕೊಳ್ಳುವ ಮೊದಲು ಅದರ ತುದಿಗಳನ್ನೂ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನೂ ಉಜ್ಜಿ, ಬಿಗಿ ಮಾಡಿಸಿ ನೋಡಿ.

ಇಷ್ಟೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಆಗ ಇಂಜೆಕ್ಟರಿನ ಸರದಿ, ಆಗಲೂ ಮೊದಲು ಪರೀಕ್ಷೆ. ಸೆಲ್ಫ್ ಹೊಡೆಯುವಾಗ ರೈಲಿನ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ, ಒತ್ತಡ ಎಷ್ಟು ಏರುತ್ತದೆ ಎಂಬುದನ್ನು ಸ್ಕ್ಯಾನರಿನಲ್ಲಿ ತೋರಿಸಲು ಕೇಳಿ. ಸಾಮಾನ್ಯವಾಗಿ ಅದು 200 ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು) ಹತ್ತಿರಕ್ಕಾದರೂ ಬರದಿದ್ದರೆ ಗಾಡಿಯ ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದೇ ಇಲ್ಲ. ಬಳಿಕ ಪ್ರತಿ ಇಂಜೆಕ್ಟರಿನ ತಲೆಯ ಮೇಲಿನ ರಿಟರ್ನ್ ಪೈಪ್ ಕಳಚಿ, ನಾಲ್ಕಕ್ಕೂ ಒಂದೊಂದು ಚಿಕ್ಕ ಬಾಟಲಿ ಕಟ್ಟಿ, ಎಂಜಿನ್ನನ್ನು ಕೆಲವು ನಿಮಿಷ ಐಡಲಿನಲ್ಲಿ ಓಡಿಸಬೇಕು. ನಾಲ್ಕು ಬಾಟಲಿಗಳಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಅಲ್ಪ ಡೀಸೆಲ್ ತುಂಬಿದರೆ ಇಂಜೆಕ್ಟರುಗಳು ಒತ್ತಡವನ್ನು ಸೋರಿಸುತ್ತಿಲ್ಲ. ಒಂದು ಬಾಟಲಿ ಉಳಿದವುಗಳ ಎರಡು-ಮೂರು ಪಟ್ಟು ತುಂಬಿದರೆ ದೋಷಿ ಅದೊಂದೇ. ನಾಲ್ಕು ಬದಲಿಸುವ ಅಗತ್ಯವಿಲ್ಲ. ಬದಲಿಸಿದಾಗ ಕೆಳಗಿನ ತಾಮ್ರದ ವಾಷರ್ ಹೊಸದಾಗಿರಬೇಕು, ಇಂಜೆಕ್ಟರಿನ ಮೇಲೆ ಕೆತ್ತಿರುವ ಸಂಕೇತವನ್ನು ಕಾರಿನ ಕಂಪ್ಯೂಟರಿಗೆ ಸ್ಕ್ಯಾನರಿನಿಂದ ತುಂಬಬೇಕಾದ ಮಾದರಿಯಾದರೆ ಅದನ್ನೂ ಮಾಡಿಸಬೇಕು. ಇಂಜೆಕ್ಟರೂ ನಿರ್ದೋಷಿಯಾದರೆ ಉಳಿಯುವುದು ಕಂಪ್ರೆಷನ್. ಅದನ್ನು ಗೇಜ್ ಹಾಕಿಯೇ ಅಳೆಯಬೇಕು. ಆದರೆ ನಿಮ್ಮ ಗಾಡಿಯ ಎಳೆತ ಕಡಿಮೆಯಾಗಿಲ್ಲವಾದ್ದರಿಂದ ನಾನು ಅದನ್ನು ಕೊನೆಗಿಡುತ್ತೇನೆ.

ಈ ನಡುವೆ ಮಾಡಬಾರದ ಕೆಲಸಗಳಿವೆ, ಇವನ್ನು ಒತ್ತಿ ಹೇಳಲೇಬೇಕು. ಗಾಳಿ ಒಳಹೋಗುವ ಬಾಯಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುವುದು ಅಥವಾ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಪಿಸ್ಟನ್ ಒಡೆಯುವಷ್ಟು ಅಪಾಯಕಾರಿ. ಹಳೆಯ ಪಂಪಿನ ಗಾಡಿಗಳಲ್ಲಿ ಗಾಳಿ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವ ರೂಢಿಯಿತ್ತು. ಕಾಮನ್ ರೈಲ್ ಗಾಡಿ ಓಡುತ್ತಿರುವಾಗ ಆ ನಟ್ಟಿಗೆ ಪಾನಾ ಹಚ್ಚಲು ಯಾರಿಗೂ ಬಿಡಬೇಡಿ. ಐಡಲಿನಲ್ಲೇ 250 ಬಾರ್ ಆಸುಪಾಸು, ಪೂರ್ಣ ವೇಗದಲ್ಲಿ 1,600 ಬಾರ್‌ವರೆಗೂ ಏರುವ ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೊಕ್ಕುತ್ತದೆ. ಹೊರಗೆ ಕಾಣುವುದು ಚುಕ್ಕೆಯಷ್ಟು ಗಾಯ, ಒಳಗೆ ಕೈಯನ್ನೇ ಕಳೆದುಕೊಳ್ಳುವಂಥ ಹಾನಿ. ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸುವುದೂ ಬೇಡ. ಪಂಪಿನ ಭಾಗಗಳಿಗೆ ಡೀಸೆಲಿನ ಜಿಡ್ಡೇ ಆಧಾರ, ಸೀಮೆಎಣ್ಣೆಯಲ್ಲಿ ಅದು ಸಾಲದು.

ಹದಿಮೂರು ವರ್ಷದ ಗಾಡಿಗೆ ಖರ್ಚು ಮಾಡಬೇಕೇ ಎಂದು ಕೇಳಿದ್ದೀರಿ. ದಿಲ್ಲಿ ಸುತ್ತಮುತ್ತಲಿನ ಹತ್ತು ವರ್ಷದ ಡೀಸೆಲ್ ನಿರ್ಬಂಧದ ಸುದ್ದಿ ಓದಿ ಕಳವಳಗೊಂಡಿದ್ದರೆ, ಅದು ನಮ್ಮ ರಾಜ್ಯಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ 15 ವರ್ಷ ತುಂಬಿದಾಗ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಿಕೊಳ್ಳಬಹುದು. ಎಳೆತ ಚೆನ್ನಾಗಿದ್ದು, ಹೊಗೆ ಕಾರದೆ, ಆಯಿಲ್ ಕುಡಿಯದೆ ಇರುವ ಎಂಜಿನ್ನನ್ನು ಒಂದು ಓ-ರಿಂಗಿನ ಅಥವಾ ಎರಡು ಹೀಟರ್ ಪ್ಲಗ್ಗಿನ ಕಾರಣಕ್ಕೆ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಪರೀಕ್ಷೆಯಲ್ಲಿ ಹೀಟರ್ ಪ್ಲಗ್ ಕೆಟ್ಟಿದೆಯೆಂದು ಗೊತ್ತಾದರೆ ಅದನ್ನು ತೆಗೆಸುವ ಮುನ್ನ ಕಾರನ್ನು ಅರ್ಧ ಗಂಟೆ ಓಡಿಸಿಕೊಂಡು ಹೋಗಿ, ಎಂಜಿನ್ ಬಿಸಿಯಿರುವಾಗಲೇ ನಿಧಾನವಾಗಿ ಬಿಚ್ಚಲು ಹೇಳಿ. ಹದಿಮೂರು ವರ್ಷ ಅಲ್ಲೇ ಕೂತ ಪ್ಲಗ್ ಮಸಿಯಿಂದ ಅಂಟಿಕೊಂಡಿರುತ್ತದೆ. ತಣ್ಣಗಿದ್ದಾಗ ಬಲವಾಗಿ ತಿರುಗಿಸಿದರೆ ಅರ್ಧಕ್ಕೆ ತುಂಡಾಗಿ ಹೆಡ್ಡಿನೊಳಗೆ ಉಳಿದುಬಿಡುತ್ತದೆ, ಆ ತುಂಡು ತೆಗೆಯಲು ಹೆಡ್ಡನ್ನೇ ಇಳಿಸಬೇಕಾದೀತು.