ಪದ ಪರಿಚಯ: ಟ್ರಾಫಿಕ್

‘ಟ್ರಾಫಿಕ್ ಇತ್ತು, ಅದಕ್ಕೇ ಲೇಟಾಯ್ತು.’ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆ ತುಂಬಿತ್ತು, ಗಾಡಿ ಮುಂದಕ್ಕೆ ಹೋಗಲಿಲ್ಲ ಅಂತ ಅರ್ಥ. ‘ಇವತ್ತು ಟ್ರಾಫಿಕ್ಕೇ ಇರಲಿಲ್ಲ’ ಅಂದರೆ ಸಲೀಸಾಗಿ ಬಂದೆ ಅಂತ. ಆದರೆ ಈ ಪದದ ನೇರ ಅರ್ಥ ಓಡಾಟ. ಓಡಾಟ ನಿಂತುಹೋದದ್ದಕ್ಕೂ ಅದೇ ಹೆಸರು ಅಂಟಿಕೊಂಡಿದೆ, ತಮಾಷೆ ಅಲ್ವಾ? ಇಂಗ್ಲಿಷಿನವರೂ ‘ಸ್ಟಕ್ ಇನ್ ಟ್ರಾಫಿಕ್’ ಅನ್ನುತ್ತಾರೆ. ಹಾಗಾಗಿ ನಮ್ಮ ಬಳಕೆಯನ್ನು ತಪ್ಪು ಅನ್ನುವ ಹಾಗಿಲ್ಲ.

ರಸ್ತೆಯಲ್ಲಿ ಹೋಗಿಬರುವುದೆಲ್ಲ ಸೇರಿ ಟ್ರಾಫಿಕ್. ನಡೆದು ಹೋಗುವವರೂ ಇದಕ್ಕೆ ಸೇರುತ್ತಾರೆ. ಪತ್ರಿಕೆಗಳ ಕನ್ನಡದಲ್ಲಿ ಇದು ‘ಸಂಚಾರ’, ಜಾಸ್ತಿಯಾದರೆ ‘ಸಂಚಾರ ದಟ್ಟಣೆ’. ಪೂರ್ತಿ ಕಟ್ಟಿಕೊಂಡರೆ ಅದು ಜಾಮ್. ಮಾತಿನಲ್ಲಿ ಮಾತ್ರ ಮೂರಕ್ಕೂ ಟ್ರಾಫಿಕ್ ಒಂದೇ ಪದ ಸಾಕು. ‘ಟ್ರಾಫಿಕ್‌ನವರು ಹಿಡಿದರು’ ಅಂದಾಗ ಅದು ಪೊಲೀಸರೂ ಆಗಿಬಿಡುತ್ತದೆ!

ರಸ್ತೆಗಳ ಲೆಕ್ಕ ಹಾಕುವ ಎಂಜಿನಿಯರುಗಳಿಗೆ ಈ ಸಡಿಲ ಬಳಕೆ ಸಾಲದು. ಒಂದು ಜಾಗವನ್ನು ಗಂಟೆಗೆ ಎಷ್ಟು ವಾಹನ ದಾಟುತ್ತವೆ ಎಂಬುದು ಒಂದು ಅಳತೆ, ಒಂದು ಕಿಲೋಮೀಟರಿನಲ್ಲಿ ಎಷ್ಟು ವಾಹನ ಇವೆ ಎಂಬುದು ಇನ್ನೊಂದು. ಕಿಲೋಮೀಟರಿಗೆ 40 ವಾಹನ ಇದ್ದು, ಅವು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಗಂಟೆಗೆ 2,000 ವಾಹನ ದಾಟುತ್ತವೆ. 100 ವಾಹನ ತುಂಬಿಕೊಂಡು ವೇಗ 10 ಕಿ.ಮೀ.ಗೆ ಇಳಿದರೆ ದಾಟುವುದು 1,000 ಮಾತ್ರ. ಅಂದರೆ ನಾವು ‘ಟ್ರಾಫಿಕ್ ಜಾಸ್ತಿ’ ಅಂತ ಗೊಣಗುವ ಹೊತ್ತಿನಲ್ಲಿ ನಿಜವಾದ ಓಡಾಟ ಅರ್ಧಕ್ಕೆ ಇಳಿದಿರಬಹುದು.

ಜಾಮ್ ಆಗಲು ಅಪಘಾತವೋ ಗುಂಡಿಯೋ ಇರಲೇಬೇಕು ಅಂತೇನಿಲ್ಲ. ಜಪಾನಿನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಿ ನೋಡಿದರು. 2008ರಲ್ಲಿ ಇದರ ವಿವರ ಪ್ರಕಟವಾಯಿತು. ಎಲ್ಲರೂ ಒಂದೇ ವೇಗದಲ್ಲಿ ಹೋಗಬೇಕಿತ್ತು, ದಾರಿಗೆ ಏನೂ ಅಡ್ಡ ಇರಲಿಲ್ಲ. ಆದರೂ ವೇಗದಲ್ಲಿ ಸಣ್ಣ ಏರುಪೇರು ಆಯಿತು. ಅದು ಹಿಂದಿನವರಿಗೆ ದಾಟುತ್ತಾ ದೊಡ್ಡದಾಗಿ, ಕೊನೆಗೆ ಕೆಲವು ಕಾರು ನಿಂತೇಬಿಟ್ಟವು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ ಜಾಮ್ ಹಿಂದಕ್ಕೆ ಸರಿಯುತ್ತಿತ್ತು. ಕಾರಣವೇ ಕಾಣದ ಜಾಮ್‌ನಲ್ಲಿ ಸಿಕ್ಕಿಕೊಂಡು, ಅದು ಸುಮ್ನೆ ಕರಗಿಹೋದದ್ದನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಈ ಪದದ ಹಳೆಯ ಅರ್ಥಕ್ಕೂ ರಸ್ತೆಗೂ ನಂಟು ಕಡಿಮೆ. 16ನೇ ಶತಮಾನದ ಇಂಗ್ಲಿಷಿನಲ್ಲಿ ಟ್ರಾಫಿಕ್ ಅಂದರೆ ವ್ಯಾಪಾರ, ಸರಕಿನ ಕೊಡುಕೊಳ್ಳುವಿಕೆ. ವಾಹನಗಳ ಓಡಾಟ ಎಂಬ ಅರ್ಥ ಬಲವಾದದ್ದು 19ನೇ ಶತಮಾನದಲ್ಲಿ. ವ್ಯಾಪಾರದ ಅರ್ಥ ಪೂರ್ತಿ ಸಾಯಲಿಲ್ಲ, ಕೆಟ್ಟ ದಂಧೆಗಳ ಹೆಸರಲ್ಲಿ ಉಳಿದುಕೊಂಡಿತು. ‘ಡ್ರಗ್ ಟ್ರಾಫಿಕಿಂಗ್’, ‘ಹ್ಯೂಮನ್ ಟ್ರಾಫಿಕಿಂಗ್’ ಅನ್ನುವುದು ಇದೇ. ಎರಡನೆಯದಕ್ಕೆ ನಾವು ‘ಮಾನವ ಕಳ್ಳಸಾಗಣೆ’ ಅನ್ನುತ್ತೇವೆ. ಸಾಗಣೆ ಅಂದ ಕೂಡಲೇ ಗಡಿ ದಾಟಿಸುವುದು ಕಣ್ಣಮುಂದೆ ಬರುತ್ತದೆ. ಆದರೆ ವಿಶ್ವಸಂಸ್ಥೆ 2000ದಲ್ಲಿ ಒಪ್ಪಿದ ಪ್ರೋಟೋಕಾಲ್ ಪ್ರಕಾರ, ದುಡಿಸಿಕೊಂಡು ಶೋಷಿಸುವ ಉದ್ದೇಶದಿಂದ ಬಲವಂತವಾಗಿಯೋ ಮೋಸದಿಂದಲೋ ಜನರನ್ನು ಸೇರಿಸಿಕೊಳ್ಳುವುದು, ಇರಿಸಿಕೊಳ್ಳುವುದು ಕೂಡ ಟ್ರಾಫಿಕಿಂಗ್. ಊರೇ ಬಿಡದವರೂ ಇದಕ್ಕೆ ಬಲಿಯಾಗಬಹುದು.

ತಂತಿಗಳ ಮೇಲೂ ಟ್ರಾಫಿಕ್ ಇದೆ. ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಅರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳ ಟ್ರಾಫಿಕ್ ಬಗ್ಗೆ ಬರೆದರು. ಅದರ ಅಳತೆಗೆ ಆಮೇಲೆ ಅವರ ಹೆಸರೇ ಬಂತು. ಒಂದು ಲೈನು ಗಂಟೆಪೂರ್ತಿ ಬಿಡುವಿಲ್ಲದೆ ಇದ್ದರೆ ಆ ಗಂಟೆಯ ಟ್ರಾಫಿಕ್ ಒಂದು ಅರ್ಲಾಂಗ್. ಈಗ ವೆಬ್‌ಸೈಟಿಗೆ ಬರುವವರ ಸಂಖ್ಯೆಗೂ ಟ್ರಾಫಿಕ್ ಅನ್ನುತ್ತಾರೆ. ಅಲ್ಲಿ ಮಾತ್ರ ಅದು ಹೆಚ್ಚಿದಷ್ಟೂ ಖುಷಿ, ಸರ್ವರ್ ಮಲಗುವವರೆಗೆ.

ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ವಿಷಯ ಗಮನಿಸಿ. ಓಡಾಟದ ಅರ್ಥದಲ್ಲಿ ‘ಎ ಟ್ರಾಫಿಕ್’ ಅಂತಲೂ, ‘ಟ್ರಾಫಿಕ್ಸ್’ ಅಂತ ಬಹುವಚನ ಮಾಡಿಯೂ ಬರೆಯಬಾರದು. ಹೆಚ್ಚಿದ್ದರೆ ‘ಹೆವಿ ಟ್ರಾಫಿಕ್’, ಕಡಿಮೆ ಇದ್ದರೆ ‘ಲೈಟ್ ಟ್ರಾಫಿಕ್’. ಇನ್ನು ‘ಟ್ರಾಫಿಕಿಂಗ್’ ಬರೆಯುವಾಗ ‘ಸಿ’ ಆದಮೇಲೆ ಒಂದು ‘ಕೆ’ ಸೇರುತ್ತದೆ. ‘ಪಿಕ್ನಿಕ್’ ಪದಕ್ಕೂ ಇದೇ ನಿಯಮ.